ಅಳಿಸಬೇಡಿ

ಸಂಜೆ ನಾಲ್ಕೂವರೆ. ಹನ್ನೆರಡನೇ ನಂಬರಿನ ಕೋಣೆ.
ಫ್ಯಾನು ಒಂದೇ ತಿರುಗುತ್ತದೆ, ಅದೂ ಮನಸ್ಸಿಲ್ಲದೆ.
ಎಂಟು ಕಂತು, ಒಂದೊಂದೂ ತೊಂಬತ್ತು ಸೆಕೆಂಡು.
ಫೋನು ಜೋಸ್ಲಿನ್‌ದು, ಗಾಜು ಒಡೆದದ್ದು.
ಕಥೆ ಮಾತ್ರ ಇನ್ನೂ ಯಾರದೂ ಅಲ್ಲ.

ಸೀಮೆಸುಣ್ಣ ನನ್ನ ಕೈಗೆ ಬಂತು, ಅಕ್ಷರ ದುಂಡಗಿದೆ ಅಂತ.
ಹಾಗಾಗಿ ನನ್ನನ್ನು ಯಾರೂ ಏನೂ ಕೇಳಲಿಲ್ಲ.

"ಹಾಸ್ಟೆಲ್ಲಲ್ಲಿ ದೆವ್ವ," ಅಂದ ತೀರ್ಥೇಶ.
"ಮೆಸ್ಸಿನ ಸಾರು ಬಡಿಸಿದರೆ ದೆವ್ವವೇ ಊರು ಬಿಡುತ್ತೆ ಕಣೋ,"
ಮುಬೀನಾ ಅಂದಳು. ಅದನ್ನೂ ಬರೆದೆ: ದೆವ್ವ, ಸಾರು.
"ಕಳ್ಳತನ." "ಏನು ಕದೀತಾರೆ?" "ಹಾಜರಿ ಪುಸ್ತಕ."
"ಪ್ರೀತಿ," ಅಂದ ನಿಂಗರಾಜು. ಕಿವಿ ಕೆಂಪಾಯಿತು.
"ಬೇಡ ಬಿಡಿ," ಅಂದ. ಬರೆದು, ಮೇಲೊಂದು ಗೀಟು ಎಳೆದೆ,
ಓದಲು ಬರುವಷ್ಟು ತೆಳ್ಳಗೆ.
"ಆಲೂಗಡ್ಡೆ ಮಂಡಿಯಲ್ಲಿ ಒಂದು ಮೂಟೆ ಮಾತಾಡುತ್ತೆ."
"ಏನಂತ?"
"ನನ್ನ ರೇಟೆಷ್ಟು ಅಂತ."
ನಕ್ಕು ನಕ್ಕು ಸುಸ್ತಾದೆವು. ಆಮೇಲೆ
ಹತ್ತು ನಿಮಿಷ ಯಾರಿಗೂ ಏನೂ ಹೊಳೆಯಲಿಲ್ಲ.
ಹೊರಗೆ ಯಾರೋ ಸ್ಕೂಟರಿಗೆ ಒದೆಯುತ್ತಲೇ ಇದ್ದರು.
ಅದೂ ಹತ್ತಲಿಲ್ಲ.

ಎಳೆದಾಡಿ ಏಳಾಯಿತು. ಎಂಟಕ್ಕೆ ಬರೀ ಅಂಕಿ ಬರೆದು,
ಸುತ್ತ ಚೌಕ ಹಾಕಿ, ಮೇಲೆ ದಪ್ಪಗೆ
ಅಳಿಸಬೇಡಿ
ಎಂದಿಟ್ಟು, ಬಸ್ಸಿಗೆ ಓಡಿದೆವು.

ಬೆಳಿಗ್ಗೆ ಸಂಖ್ಯಾಶಾಸ್ತ್ರದ ಚೆಲುವಯ್ಯ ಮೇಷ್ಟ್ರು
ಡಸ್ಟರು ಹಿಡಿದು ಚೌಕದ ಎದುರು ನಿಂತರು.
ಓದಿದರು. ಪೂರ್ತಿ ಓದಿದರು. ನಗಲಿಲ್ಲ.
ಸುತ್ತಲೂ ಒರೆಸಿ, ಉಳಿದ ಜಾಗದಲ್ಲಿ
ಸರಾಸರಿ, ಮಧ್ಯಾಂಕ, ಬಹುಲಕ,
ದೆವ್ವಕ್ಕೆ ಮೊಣಕೈ ತಾಗದ ಹಾಗೆ ಕಲಿಸಿದರು.
ಮೂರು ದಿನ ಹೀಗೇ. ಲೆಕ್ಕ ಬೋರ್ಡಿನ ಅಂಚಿಗೆ ಬಂದು
ಗೋಡೆಗೆ ಇಳಿಯುವುದೊಂದು ಬಾಕಿ.

ಗುರುವಾರ ನೋಡಿದರೆ ಎಂಟರ ಮುಂದೆ
ಕೆಂಪು ಸುಣ್ಣದಲ್ಲಿ:
ಹೊಳೆನರಸೀಪುರದ 5.47ರ ಬಸ್ಸು. ಎಡಗಡೆ ಎಂಟು ಕಿಟಕಿ.
ಒಂದರ ಗಾಜೂ ನೆಟ್ಟಗಿಲ್ಲ.

ಏಳರ ಸೊಂಟಕ್ಕೆ ಅಡ್ಡಗೆರೆ.
ಹಾಗೆ ಬರೆಯುವವರು ಇಡೀ ಕಾಲೇಜಿಗೆ ಒಬ್ಬರೇ.
ನಾವು ಕೇಳಲಿಲ್ಲ. ಕೇಳಿದ್ದರೆ ಅವರು
ಅಲ್ಲ ಅನ್ನಬೇಕಾಗುತ್ತಿತ್ತು.

ಸಂಜೆ ಬಸ್ಸು ಹತ್ತಿದೆವು. ನಾಲ್ಕನೇ ಕಿಟಕಿಯಲ್ಲಿ ಮೇಷ್ಟ್ರು,
ತೊಡೆಯ ಮೇಲೆ ಊಟದ ಡಬ್ಬಿ,
ಡಬ್ಬಿಯ ಮೇಲೆ ಕೊತ್ತಂಬರಿ ಕಟ್ಟು.
ಜೋಸ್ಲಿನ್ ಫೋನು ಎತ್ತಿದಳು.
ಅವರು ನಮ್ಮನ್ನು ಕಂಡೂ ಕಾಣದವರಂತೆ
ಕೂದಲು ಸವರಿಕೊಂಡರು. ಎರಡು ಸಲ.

ನನಗೊಂದು ಐಡಿಯಾ ಇತ್ತು, ಸೋಮವಾರದಿಂದ.
ಈಗ ಹೇಳಿಬಿಟ್ಟೆ, ಜೋರಾಗಿಯೇ.
ಅಷ್ಟರಲ್ಲಿ ಬಸ್ಸು ಹಾಸನದ ಕೊನೇ ಹಂಪು ಹಾರಿತು,
ಎಂಟೂ ಕಿಟಕಿ ಒಟ್ಟಿಗೇ ಗಡಗಡ ಅಂದವು.
"ಏನಂದೆ?" ಅಂತ ಮುಬೀನಾ ಕೈಸನ್ನೆ ಮಾಡಿದಳು.

ಮೊದಲ ಕಂತಿನಲ್ಲಿ ಅಷ್ಟೇ ಇರುವುದು: ಗಡಗಡ,
ಕೊತ್ತಂಬರಿ, ಬಾಯಿ ತೆರೆದ ನಾನು.
ನಾಳೆ ಇನ್ನೊಮ್ಮೆ ತೆಗೆಯಬೇಕು.