ಹದಿನೇಳು ಪೆಟ್ಟಿಗೆ

ತಗೋ ತೇಡಿಯಸ್, ಹದಿನೇಳು. ಎಣಿಸಿಕೊಂಡು ಸಹಿ ಹಾಕು.
ನಾಳೆಯಿಂದ ಅನುದಾನ ನಗರದ್ದು,
ಕೌಂಟಿಗೆ ಇನ್ನು ಹಳೇ ಲೆಕ್ಕ ಒಪ್ಪಿಸುವ ಕೆಲಸ.
ಎರಡು ಕಚೇರಿಗಳ ನಡುವೆ ಒಂದೇ ಬೀದಿ,
ದಾಟಲಿಕ್ಕೆ ಹನ್ನೊಂದು ತಿಂಗಳು ಹಿಡಿಯಿತು:
ಮೂರು ಠರಾವು, ಒಂದು ಸಾರ್ವಜನಿಕ ವಿಚಾರಣೆ,
ಅದಕ್ಕೆ ಬಂದವರು ಇಬ್ಬರು,
ಒಬ್ಬ ಚಳಿ ತಡೆಯದೆ ಒಳಬಂದವನು.

ಒಂಬತ್ತನೆಯದರಲ್ಲಿ ಹಾರ್ಲೋ ಸ್ಟ್ರೀಟಿನ ಚರಂಡಿ.
ನಕಾಶೆ ನಂಬಬೇಡ,
ಪೈಪು ಚರ್ಚಿನ ಅಡಿಯಲ್ಲೇ ಹೋಗಿದೆ.
ಹದಿಮೂರರಲ್ಲಿ ಕಾಯುವವರ ಪಟ್ಟಿ.
ಹೆಸರಿನ ಪಕ್ಕ ನನ್ನ ಪೆನ್ಸಿಲ್ ಗೀಚು,
ನಿಮ್ಮ ಹೊಸ ಕಂಪ್ಯೂಟರಿನಲ್ಲಿ ಅದಕ್ಕೆ ಕಾಲಮ್ಮಿಲ್ಲವಂತೆ:
ನಾಯಿ ಬೊಗಳುತ್ತೆ, ಕಚ್ಚಲ್ಲ.
ಫೋನ್ ಎತ್ತಲ್ಲ, ಬ್ಯಾಂಕಿನವರೆಂಬ ಹೆದರಿಕೆ.
ಒಡೆಸ್ಸಾ ಟಿಲ್ಲರಿ. ಹಿಂಬಾಗಿಲು ತಟ್ಟಿ. ಎಡಗಿವಿ ಮಾತ್ರ.

ಗಾಲಿಕುರ್ಚಿಗೊಂದು ಇಳಿಜಾರು ಕೇಳಿದ್ದಳು.
ಮೊದಲ ವರ್ಷ, ಮನೆ ನಗರದ ಗಡಿಯೊಳಗಿದೆ, ಅಲ್ಲಿ ಕೇಳಿ ಅಂದೆವು;
ನೀವು ನಮ್ಮತ್ತ ಬೆರಳು ತೋರಿಸಿದಿರಿ.
ಮರುವರ್ಷ ಹಣ ಮುಗಿಯಿತು.
ಮೂರನೆಯ ವರ್ಷದ ತಪ್ಪು ನನ್ನದು,
ಕಾಗದ ಬೇರೆ ಪೆಟ್ಟಿಗೆಯಲ್ಲಿ ಕೂತಿತ್ತು.
ಆಡಿಟ್‌ನವರು ಕೇಳಲಿಲ್ಲ.
ಅವಳೂ ಕೇಳಲಿಲ್ಲ.

ಸಹಿ ಆಯಿತೇ? ಇಗೋ ಬೀರುವಿನ ಕೀಲಿಕೈ,
ಬಾಗಿಲು ಕೊಂಚ ಎತ್ತಿ ಎಳೆಯಬೇಕು...
ಅಯ್ಯೋ, ಬೀರು ನಿಮಗೆ ಬರುವುದಿಲ್ಲ, ಮರೆತೆ.

ಪೆಟ್ಟಿಗೆ ಆಮೇಲೆ ಹೊರಿಸು.
ಕೋಟು ಹಾಕಿಕೋ, ಇನ್ನೂ ಮೂರೂವರೆ.
ಐದರವರೆಗೆ ನಾನು ಕೌಂಟಿಯವಳೇ.
ನಡೆ, ಆ ಹಿಂಬಾಗಿಲು ಯಾವುದೆಂದು ತೋರಿಸಿಬಿಡುತ್ತೇನೆ.