ಪಟ್ಟಿ ಆರೂತನಕ

ಹತ್ತೂವರಿಗೆ ಕರೆಂಟ್ ಹೋಗತಿತ್ತು, ದಿನಾ.
ಗಡಿಯಾರ ತಪ್ಪಿದ್ರೂ ಅದು ತಪ್ಪತಿರಲಿಲ್ಲ.
ಪಟ್ಟಿ ಸಡಲಾಗಿ, ಕಲ್ಲು ಹಳೇ ರೂಢಿಗೆ
ಇನ್ನೆರಡು ಸುತ್ತು ತಿರುಗಿ
ಉಸ್ಸಂತ ನಿಂದರತಿತ್ತು.

ನನ್ನ ಗಿರಣಿ ಒಂದಽ ಅಲ್ಲ.
ಬನಹಟ್ಟಿಯ ಓಣಿ ಓಣಿಯ ಮಗ್ಗ
ಖಟಕ್ ಅಂದದ್ದು ಪಟಕ್ ಅನ್ನಲಾರದ
ಅರ್ಧಕ್ಕ ಬಾಯಿ ಮುಚ್ಚತಿದ್ದವು,
ನೂಲು ಹಿಡಕೊಂಡ ಲಾಳಿ ನಡುದಾರ್ಯಾಗಽ.
ಇಡೀ ಊರಿನ ಹೆಗಲ ಮ್ಯಾಲಿಂದ
ಯಾರೋ ನೂರು ಕಿಲೋದ ಚೀಲ ಇಳಿಸಿದಂಗ.

ಮೊದಲ ಕಿವಿಯಾಗ ಗುಂಯ್ ಅಂತಿತ್ತು.
ಗುಂಯ್ ಕರಗಿದ ಮ್ಯಾಲ ಒಂದೊಂದಽ ಬರತಿದ್ದವು:
ಬೇವಿನ ಗಿಡದಾಗ ಕಾಗಿ ರೆಕ್ಕಿ ಝಾಡಿಸೂದು,
ಹಿಂದಿನ ಮನಿಯಾಗ ಯಾರೋ ಬಳ್ಳೊಳ್ಳಿ ಜಜ್ಜೂದು,
ರಬಕವಿ ಬಸ್ಸು ಹೊಂಡದಾಗ ಇಳದು, ನರಳಿ, ಹತ್ತೂದು.
ಮತ್ತ ನನ್ನದಽ ಉಸರು.
ಹನ್ನೊಂದು ವರ್ಷ ಈ ಗಿರಣಿ ನಡಸೇನಿ,
ನನಗೊಂದು ಉಸರು ಐತಿ ಅನ್ನೂದು
ಆ ಒಂದು ತಾಸಿನಾಗಽ ಗೊತ್ತಾಗತಿತ್ತು.

ಡಬ್ಬಿ ಪಾಳಿಗಿಟ್ಟ ಹೆಂಗಸರು
ಮನಿಗೆ ಹೋಗಿ ಬರತೀನಿ ಅಂತಿದ್ದರು, ಹೋಗತಿರಲಿಲ್ಲ.
ಹುಸೇನಬಿ ಕಟ್ಟಿ ಮ್ಯಾಲ ಕಾಲು ಚಾಚಿ
ಚಪ್ಪಲಿ ಬಿಟ್ಟು ಹಿಮ್ಮಡಿಗೆ ಗಾಳಿ ಆಡಸತಿದ್ದಳು.
ದಾನವ್ವನ ಮೊಮ್ಮಗ, ಆಗಽ ಬೀಸಿದ ಜ್ವಾಳದ ಹಿಟ್ಟಿನಾಗ
ಮೊಣಕೈತನಕ ಕೈ ಮುಳಗಿಸಿ,
"ಯಮ್ಮಾ, ಒಳಗ ಯಾರೋ ಮಲಗ್ಯಾರ, ಬೆಚ್ಚಗ ಅದಾರ" ಅಂತಿದ್ದ.
ಬೈಬೇಕಾದ ಅಜ್ಜಿ
ತಾನೂ ಒಂದು ಕೈ ಇಳಿಬಿಟ್ಟು ಸುಮ್ಮನ ಕುಂಡರತಿದ್ದಳು.

ಎದರಿನ ಶೆಡ್ಡಿನಿಂದ ಕಾಡಪ್ಪ ಬರತಿದ್ದ.
ಅವನ ಹುಬ್ಬಿನ ಮ್ಯಾಲ ಹತ್ತಿ, ನನ್ನ ಹುಬ್ಬಿನ ಮ್ಯಾಲ ಹಿಟ್ಟು.
"ನಿನಗೂ ವಯಸ್ಸಾತು ಬಾಳವ್ವಾ" ಅಂತಿದ್ದ.
"ಝಾಡಿಸಿದ್ರ ಹೊಕ್ಕೈತಿ" ಅಂತಿದ್ದೆ.
ದಿನಾ ಅದಽ ಮಾತು. ದಿನಾ ನಗಿ ಬರತಿತ್ತು.
ಎರಡು ಕಪ್ಪಿನ ಚಾ ನಾಲ್ಕು ಬಸಿಗೆ ಆಗತಿತ್ತು.
ಊದಿದಾಗ ಬಸಿಯಾಗ ಏಳೂ ಸಣ್ಣ ತೆರಿ
ದಂಡಿ ಮುಟ್ಟೂತನಕ ನೋಡಾಕ
ಪುರಸೊತ್ತು ಇತ್ತು ನೋಡ್ರಿ.

ಹೋದ ದೀವಳಿಗಿಗೆ ಹೊಸ ಲೈನ್ ಎಳದರು.
ಈಗ ಕರೆಂಟ್ ಹೋಗೂದಿಲ್ಲ.
ಛಲೋ ಆತು. ಸುಳ್ಳ್ಯಾಕ ಹೇಳಲಿ,
ದಿನಕ್ಕ ನೂರಾ ಎಂಬತ್ತು ರೂಪಾಯಿ ಹೆಚ್ಚಿಗಿ ಬರತೈತಿ,
ಕಾಡಪ್ಪನೂ ಇನ್ನೀಟು ಸೀರಿ ಇಳಸತಾನ.
ಕಲ್ಲಿಗೆ ಟಾಕಿ ಹೊಡಸಿದೆ, ಹೊಸ ಪಟ್ಟಿ ತಂದೆ.
ಖರೆ, ಹತ್ತೂವರಿ ಆತಂದ್ರ
ಕೈ ತಾನಽ ಕೆಲಸ ಬಿಟ್ಟು
ಯಾತಕ್ಕೋ ಕಾಯತಿತ್ತು.

ಒಂದು ದಿನ, ಮಂಗಳವಾರ ಇರಬೇಕು,
ಮೇನ್ ಸ್ವಿಚ್ ನಾನಽ ಕೆಳಗ ಎಳದೆ.
"ಯಾಕವ್ವಾ?" ಅಂದರು ಪಾಳ್ಯಾಗಿನವರು.
"ಪಟ್ಟಿ ಕಾದೈತಿ. ಆರಬೇಕು."

ಊರು ನಿಲ್ಲಲಿಲ್ಲ. ಮಗ್ಗ ಹೊಡಕೋತಽ ಇದ್ದವು.
ಕಾಗಿ ಕೇಳಲಿಲ್ಲ, ಬಳ್ಳೊಳ್ಳಿ ಕೇಳಲಿಲ್ಲ.
ಥೂ, ಅಂದ್ಕೊಂಡು ಸ್ವಿಚ್ಚಿಗೆ ಕೈ ಹಾಕಬೇಕು,
ಆಗ ಕೇಳಸ್ತು:
ಕಾಡಪ್ಪನ ಮಗ್ಗ ಕುಂಟತೈತಿ.
ಮೂರು ಹೆಜ್ಜಿ ಸಮ, ನಾಲ್ಕನೇದು ತುಸು ತಡ,
ಮೊಣಕಾಲು ಹಿಡದ ಮನಶ್ಯಾ ಮೆಟ್ಟಲಾ ಇಳಿದಂಗ.
ಇಷ್ಟು ವರ್ಷ ಎದರಿಗಽ ಇದ್ದು
ನನ್ನ ಗದ್ದಲದಾಗ ಅದು ನನಗ ಮುಟ್ಟಿರಲಿಲ್ಲ.
ಆ ನಾಲ್ಕನೇ ಹೆಜ್ಜಿ ಊರೂತನಕ
ನಾನೂ ಒಂದು ಕಾಲು ಎತ್ತಿ ನಿಂತಂಗಿತ್ತು.

ಈಗ ದಿನಾ ಹತ್ತು ಮಿನಿಟು.
ಮೂವತ್ತು ರೂಪಾಯಿ ಬೀಳತೈತಿ, ಲೆಕ್ಕ ಹಾಕೇನಿ.
ಈರಪ್ಪನ ಚಾಕ್ಕಿಂತ ತುಟ್ಟಿ.

ನಿನ್ನೆ ಪಾಳ್ಯಾಗ ಹೊಸಾಕಿ ಒಬ್ಬಾಕಿ, ಅವಸರದಾಕಿ,
"ಇನ್ನೂ ಆರಲಿಲ್ಲೇನ್ರಿ ಪಟ್ಟಿ?" ಅಂದಳು.
ನಾ ಬಾಯಿ ತೆರಿಯೂದರಾಗ
ಹುಸೇನಬಿ ಎದ್ದು, ಒಳಗ ಬಂದು,
ತಣ್ಣಗ ಬಿದ್ದ ಪಟ್ಟಿ ಮ್ಯಾಲ ಅಂಗೈ ಇಟ್ಟು
ಝಟ್ಟನ ಹಿಂದಕ್ಕ ಎಳಕೊಂಡಳು:
"ಯಾ ಅಲ್ಲಾ, ಸುಡಾಕತ್ತೈತಿ.
ಕುಂಡ್ರವಾ ತಂಗಿ, ಚಾ ಬರತೈತಿ."