ಬಂಡೆಯ ಸೊನ್ನೆ

ವಾಸ್ಕೋದ ಸಡಾ ಗುಡ್ಡದ ಮೇಲೆ, ಎರಡನೇ ಮಾಳಿಗೆಯಲ್ಲಿ
ನನ್ನ ಕೆಲಸ ಇಷ್ಟೇ:
ಎಲ್ಲೋ ದೂರದ ಒಂದೇ ಕಣಿವೆಯ ಎರಡು ಚಿತ್ರ,
ಹೋದ ಸೆಪ್ಟೆಂಬರಿನದು, ಈ ಸೆಪ್ಟೆಂಬರಿನದು,
ಒಂದರ ಮೇಲೊಂದು ಇಟ್ಟು
ಹಿಮನದಿ ಎಷ್ಟು ಸರಿಯಿತೆಂದು ಬರೆಯುವುದು.

ಯಾವುದರಿಂದ ಸರಿಯಿತು?
ನಾಗ್ವೇಂಕರ್ ಮೇಡಂ ಮೊದಲ ದಿನವೇ ಕೇಳಿ
ಅವರೇ ಹೇಳಿದ್ದರು, ಪಕ್ಕದ ಬಂಡೆಯಿಂದ.
ಬಂಡೆ ಕದಲುವುದಿಲ್ಲ ಅಂತ ಮೊದಲು ಒಪ್ಪಿಕೋ,
ಮಿಕ್ಕಿದ್ದು ಆಮೇಲೆ.

ಒಪ್ಪಿಕೊಂಡೆ. ಆದರೆ ಪರದೆಯ ಮೇಲೆ
ಬಂಡೆಯೂ ಕದಲುತ್ತದೆ.
ಈ ಬದಿ ಎರಡು ಮೀಟರು, ಆ ಬದಿ ಮೂರೂವರೆ.
ಉಪಗ್ರಹ ತುಸು ಓರೆಯಾಗಿ ನೋಡಿರುತ್ತದೆ,
ನೆರಳು ಒಂದಿಷ್ಟು ಬೇರೆ ಕಡೆ ಬಿದ್ದಿರುತ್ತದೆ.
ಬಂಡೆ ಎಲ್ಲಿಗೆ ಹೋದೀತು, ಪಾಪ.
ಅದು ಹೋದಂತೆ ಕಂಡಷ್ಟನ್ನೂ
ಹಿಮದ ನಡಿಗೆಯಿಂದ ಕಳೆಯಬೇಕು.
ನಿಂತವರ ಮೇಲಿನ ಸುಳ್ಳನ್ನು
ನಡೆಯುವವರ ಖಾತೆಯಲ್ಲಿ ತೀರಿಸುವುದು.

ಹಿಮವನ್ನು ನಾನು ಕಂಡಿಲ್ಲ. ಕಂಡದ್ದು
ಖಾರಿವಾಡೆಯ ಜೆಟ್ಟಿಯಲ್ಲಿ, ಗೋಣಿ ಹೊದ್ದ ಗಡ್ಡೆ,
ಬಂಗಡೆಯ ಕಣ್ಣಿನ ಪಕ್ಕ ಪುಡಿಪುಡಿಯಾಗುವುದು.
ಆದರೂ ಗೊತ್ತು, ನದಿಯ ನಡುವೆ ಅದಕ್ಕೆ ಅವಸರ,
ಬಂಡೆಗೆ ಮೈಯುಜ್ಜುವ ಅಂಚಿನಲ್ಲಿ ತಡ;
ಆ ಅವಸರಕ್ಕೂ ಈ ತಡಕ್ಕೂ ನಡುವೆ
ಮೈ ಸೀಳಿಕೊಳ್ಳುತ್ತದೆ.

ಜೂನಿನಲ್ಲಿ ನಮ್ಮ ಹಿಂಗೋಡೆಯೇ ಸೀಳಿತು,
ಪಾಯದಿಂದ ಕಿಟಕಿಯ ಮೂಲೆಯವರೆಗೆ
ಹಲ್ಲಿ ಓಡಿದ ಹಾಗೆ.
ಗೌಂಡಿ ದ್ಯಾಮಣ್ಣ ಬಂದ. ಬಾದಾಮಿ ಕಡೆಯವನು,
ಅವನಪ್ಪ ಬಂದರಿನಲ್ಲಿ ಅದಿರು ಹೊರಲು ಬಂದದ್ದಂತೆ.
ಸಿಮೆಂಟು ಕಲಸಿದ, ಬಿರುಕಿಗೆ ತುಂಬಲಿಲ್ಲ.
ಒಡೆದ ಕನ್ನಡಿಯ ಬೆರಳಗಲದ ಪಟ್ಟಿ
ಬಿರುಕಿಗೆ ಅಡ್ಡ ಇಟ್ಟು, ಎರಡೂ ತುದಿ ಮೆತ್ತಿ,
ಪೆನ್ಸಿಲಿನಲ್ಲಿ ತಾರೀಕು ಗೀಚಿದ.

‘ಗ್ವಾಡಿ ನಡ್ಯಾಕ ಹತ್ತಿದ್ರ ಗಾಜ ಒಡೀತದ, ಅಕ್ಕಾರ.
ಒಡೀಲಿಲ್ಲಂದ್ರ ಸತ್ತ ಬಿರುಕು, ತುಂಬಿದ್ರ ಮುಗೀತು.
ನಡಿಯೂದನ್ನ ತುಂಬಬಾರದ್ರಿ.
ಮತ್ತ ಬಾಯಿ ತಗೀತದ.’

ಒಳಗೆ ಕರೆದು ನನ್ನ ಪರದೆ ತೋರಿಸಿದೆ,
ಕೆಂಪು ಬಾಣಗಳು, ಇಳಿಜಾರಿನುದ್ದಕ್ಕೂ ಹಿಮದ ವೇಗ.
ಅವನು ಬಾಣ ನೋಡಲಿಲ್ಲ.
ನಾನು ಬೂದು ಬಳಿದು ಬಿಟ್ಟಿದ್ದ ಅಂಚಿಗೆ ಬೆರಳಿಟ್ಟ:
‘ಇದು ಯಾವ ಕಲ್ಲ್ರಿ?’

ಆರು ವರ್ಷದಿಂದ ನನ್ನ ಕಡತದಲ್ಲಿ
ಅದರ ಹೆಸರು ‘ಸ್ಥಿರ ಪ್ರದೇಶ’.

‘ಹೆಸರ ಗೊತ್ತಿಲ್ದ, ಅದು ಕದಲೂದಿಲ್ಲಂತ
ಹ್ಯಾಂಗ ಬರಕೊಂಡ್ರಿ?’
ನಕ್ಕ. ಚಹಾ ಕುಡಿದ. ಬೈನಾದಲ್ಲಿ ಮನೆ ಎರಡು ಸಲ
ಕಿತ್ತು ಕಟ್ಟಿದ್ದನ್ನು ಹೇಳಿದ, ತಗಡು ಎಷ್ಟು, ಬಿದಿರು ಎಷ್ಟು,
ಮಳೆಗಾಲದ ಲೆಕ್ಕವನ್ನೇ ಹೇಳುವ ಹಾಗೆ.
ಇಲ್ಲಿ ಘಟ್ಟ ಇಳಿದು ಬಂದ ಘಾಟಿ ಅಂತಾರೆ,
ಊರಿಗೆ ಹೋದರೆ ಗೋವಾದವ ಬಂದ ಅಂತಾರೆ.
ಎರಡೂ ಕಡೆಯವರೂ ಅವನನ್ನು ಅಳೆಯುವುದು
ತಾವು ಕದಲಿಲ್ಲ ಎಂಬಲ್ಲಿ ನಿಂತೇ.

ಆಗಸ್ಟ್. ಗಾಜು ಒಡೆದಿಲ್ಲ.
ಮೆತ್ತಿದ ಸಿಮೆಂಟು ಒಂದು ತುದಿಯಲ್ಲಿ ಬಿಟ್ಟುಕೊಂಡಿದೆ,
ಪಟ್ಟಿ ಇನ್ನೊಂದರಿಂದ ಜೋತಾಡುತ್ತಿದೆ,
ಬಂದರಿನ ಕಲ್ಲಿದ್ದಲ ಪುಡಿ ಅದರ ಮೇಲೆ ತೆಳ್ಳಗೆ.
ಹಿಡಿದದ್ದೇ ಸಡಿಲಿದ ಮೇಲೆ
ನಡೆದದ್ದು ಯಾರೆಂದು ಗಾಜು ಏನು ಹೇಳೀತು?
ದ್ಯಾಮಣ್ಣನ ನಂಬರನ್ನು ಈಗ ಯಾರೋ ಎತ್ತಿ
ಕೊಂಕಣಿಯಲ್ಲಿ ತಪ್ಪು ನಂಬರು ಅನ್ನುತ್ತಾರೆ.

ಹುಡುಕಿ ನೋಡಿದೆ, ದ್ಯಾಮಣ್ಣ. ಆ ಕಲ್ಲಿನ ಹೆಸರು ನೈಸ್.
ಮೈಮೇಲೆ ಬಿಳಿ ಕಪ್ಪು ಪಟ್ಟೆ ಇರುತ್ತದಂತೆ,
ನೆಲದೊಳಗೆ ಎಂದೋ
ಬೆಂದು, ಹಿಂಡಿಸಿಕೊಂಡು,
ಅದೂ ನಿಧಾನಕ್ಕೆ ಹರಿದದ್ದಕ್ಕೆ.

ಹೊಸ ಪಟ್ಟಿ ನಾನೇ ಇಟ್ಟಿದ್ದೇನೆ. ಸ್ವಲ್ಪ ವಾರೆ.
ತಾರೀಕು ಬರೆದಿದ್ದೇನೆ.